ಇಬ್ಬನಿ ಬೀಳಲ್ಲ ಸಾ!

ನಮ್ಮ ಮನೆಯ ಬಚ್ಚಲ ಕಿಟಕಿಯಲ್ಲಿ ತೆಂಗಿನೆಣ್ಣೆಯ ಒಂದು ಗಾಜಿನ ಸೀಸೆ ಇದೆ. ಕ್ಯಾಲೆಂಡರ್ ಏನೇ ಹೇಳಲಿ, ಚಳಿಗಾಲ ಬಂತೋ ಇಲ್ಲವೋ ಎಂದು ನಾನು ನಿರ್ಧರಿಸುವುದು ಆ ಸೀಸೆಯನ್ನು ನೋಡಿ. ನವೆಂಬರ್‌ನಲ್ಲಿ ಒಂದು ಬೆಳಿಗ್ಗೆ ಎಣ್ಣೆಯ ತಳದಲ್ಲಿ ಬಿಳಿಯ ಮೋಡದಂಥದೊಂದು ಕಾಣಿಸಿಕೊಳ್ಳುತ್ತದೆ. ಇನ್ನೊಂದು ವಾರಕ್ಕೆ ಸೀಸೆ ಬೋರಲು ಹಾಕಿದರೂ ತೊಟ್ಟು ಎಣ್ಣೆ ಇಳಿಯುವುದಿಲ್ಲ. ತೆಂಗಿನೆಣ್ಣೆ ಗಟ್ಟಿಯಾಗುವುದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ. ಹಾಗಾಗಿ ಕಾಸು ಕೊಡದೆ ಸಿಕ್ಕ ಉಷ್ಣತಾಮಾಪಕ ಅದು. ತಿಪಟೂರು ಸೀಮೆಯವನಾದ ನನಗೆ ತೆಂಗಿನೆಣ್ಣೆಯ ಬಗ್ಗೆ ಸ್ವಲ್ಪ ಅಭಿಮಾನ ಜಾಸ್ತಿ ಎಂದರೂ ಚಿಂತೆಯಿಲ್ಲ.

ಚಿಕ್ಕಂದಿನಲ್ಲಿ ಈ ಸೀಸೆ ಕಂಡರೆ ನನಗೆ ಆಗುತ್ತಿರಲಿಲ್ಲ. ನನಗೆ ಉಬ್ಬಸವಿತ್ತು. ಎಣ್ಣೆ ಗಟ್ಟಿಯಾಯಿತೆಂದರೆ ಅಮ್ಮ ನನ್ನ ಕಿವಿಗೆ ಹತ್ತಿ ತುರುಕಿ, ತಲೆಗೆ ಟವೆಲು ಸುತ್ತಿ, ಬಿಸಿಲು ಏರುವವರೆಗೆ ಹೊಸಿಲು ದಾಟಲು ಬಿಡುತ್ತಿರಲಿಲ್ಲ. ಓರಗೆಯ ಹುಡುಗರು ಬೀದಿಯಲ್ಲಿ ತೆಂಗಿನಗರಿ ಗುಡ್ಡೆಹಾಕಿ ಬೆಂಕಿ ಕಾಯಿಸುವುದನ್ನು ಕಿಟಕಿಯಿಂದ ನೋಡುವುದಷ್ಟೇ ನನ್ನ ಪಾಲಿನ ಚಳಿಗಾಲ. ಶಿವರಾತ್ರಿಗೆ ಚಳಿ ‘ಶಿವಶಿವಾ’ ಎಂದು ಓಡಿಹೋಗುವುದನ್ನೇ ಕಾಯುತ್ತಿದ್ದೆ. ಬಿ.ಎಸ್ಸಿ. ಮುಗಿಸಿ, ಬಿ.ಎಡ್. ಮಾಡಿ, ವಿಜ್ಞಾನದ ಮೇಷ್ಟ್ರಾದ ಮೇಲೂ ಚಳಿಗಾಲವೆಂದರೆ ಸಹಿಸಿಕೊಳ್ಳಬೇಕಾದ ಮೂರು ತಿಂಗಳು ಎಂದೇ ತಿಳಿದಿದ್ದೆ. ಆ ತಿಳಿವಳಿಕೆಯನ್ನು ತಿದ್ದಿದವನು ಒಂಬತ್ತನೇ ತರಗತಿಯ ಒಬ್ಬ ಹುಡುಗ.

ಅದು 1997ರ ಡಿಸೆಂಬರ್. ಕೆಲಸಕ್ಕೆ ಸೇರಿ ಎರಡನೆಯ ವರ್ಷ. ಹಳ್ಳಿಯ ಹೈಸ್ಕೂಲು. ಆ ಹುಡುಗ ದಿನವೂ ತಡವಾಗಿ ಬರುತ್ತಿದ್ದ, ಬಂದವನು ಪಾಠದ ನಡುವೆ ತೂಕಡಿಸುತ್ತಿದ್ದ. ನಾನು ಹೊಸ ಮೇಷ್ಟ್ರು, ಶಿಸ್ತಿನ ಹುರುಪು. ‘ಹೊರಗೆ ನಿಲ್ಲು’ ಎನ್ನುತ್ತಿದ್ದೆ. ನಮ್ಮ ತರಗತಿಯೋ ಪಶ್ಚಿಮಕ್ಕೆ ಬಾಗಿಲಿದ್ದ ಕತ್ತಲೆ ಕೋಣೆ, ನೆಲ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಅವನು ಸುತ್ತಿಕೊಂಡು ಹೋಗಿ ಪೂರ್ವದ ಗೋಡೆಗೆ ಒರಗಿ ಎಳೆಬಿಸಿಲಿನಲ್ಲಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ವಾರದೊಳಗೆ ತಡವಾಗಿ ಬರುವವರ ಸಂಖ್ಯೆ ಏಳಕ್ಕೇರಿತು! ನನ್ನ ಶಿಕ್ಷೆ ಯಾರಿಗೆ ಎಂದು ಆಗ ಅರ್ಥವಾಯಿತು. ಕರೆದು ವಿಚಾರಿಸಿದೆ. ‘ರಾತ್ರಿ ರಾಗಿ ಕಣ ಕಾಯ್ತೀನಿ ಸಾ, ಅಪ್ಪನ ಜತೆ’ ಎಂದ.

ಅದೇ ವಾರ ನೀರಿನ ಸ್ಥಿತಿ ಬದಲಾವಣೆಯ ಪಾಠ. ‘ರಾತ್ರಿ ಹೊತ್ತು ಇಬ್ಬನಿ ಬೀಳುತ್ತದೆ’ ಎಂದು ಶುರುಮಾಡಿದೆ. ‘ಬೀಳಲ್ಲ ಸಾ’ ಎಂಬ ದನಿ ಬಂತು. ತರಗತಿ ಗೊಳ್ಳೆಂದಿತು. ‘ಮತ್ತೇನು ಹತ್ತುತ್ತದೆಯೋ?’ ಎಂದೆ ನಾನೂ ನಗುತ್ತಾ. ಅವನು ನಗಲಿಲ್ಲ. ‘ಕಣದಲ್ಲಿ ಊಟದ ತಟ್ಟೆ ಬೋರಲು ಹಾಕಿಟ್ಟಿರ್ತೀವಿ ಸಾ. ಬೆಳಿಗ್ಗೆ ಎತ್ತಿದ್ರೆ ಒಳಮೈಯೂ ಒದ್ದೆ. ಮೇಲಿಂದ ಬಿದ್ರೆ ಒಳಕ್ಕೆ ಹೆಂಗೆ ಹೋಗ್ತದೆ?’ ಎಂದ. ಹಿಂದಿನ ಬೆಂಚಿನ ಇನ್ನೊಬ್ಬ ಬಿಡಲಿಲ್ಲ: ‘ಹೊಂಗೆಮರದ ಕೆಳಗೆ ಮಲಗಿದ್ರೆ ಕಂಬಳಿ ಒದ್ದೆಯಾಗಲ್ವಲ್ಲ, ಮರ ತಡೀತದೆ. ಅಂದ್ರೆ ಮೇಲಿಂದಾನೇ ಬೀಳ್ತದೆ!’

ನೋಡಿ, ಎಂಥ ವಾದ! ತಟ್ಟೆ ಒಂದು ಸಾಕ್ಷಿ ಹೇಳುತ್ತದೆ, ಮರ ಇನ್ನೊಂದು. ನನಗೆ ಬಿ.ಎಸ್ಸಿ.ಯಲ್ಲಿ ಓದಿದ್ದ ಸೂತ್ರಗಳೆಲ್ಲ ನೆನಪಿದ್ದವು, ಈ ಎರಡನ್ನೂ ಕೂಡಿಸುವ ಮಾತು ಮಾತ್ರ ತಕ್ಷಣ ಬಾಯಿಗೆ ಬರಲಿಲ್ಲ. ‘ನಾಳೆ ಹೇಳುತ್ತೇನೆ’ ಎಂದೆ. ಮೇಷ್ಟ್ರುಗಳು ಹೀಗೆ ಹೇಳುವುದು ಏಕೆಂದು ಮಕ್ಕಳಿಗೆ ಗೊತ್ತಿರುತ್ತದೆ.

ಇದೇ ಜಗಳವನ್ನು ಬಿಡಿಸಿದವನು ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್. ಇಬ್ಬನಿಯ ಬಗ್ಗೆ ಅವನ ಪ್ರಬಂಧ 1814ರಲ್ಲಿ ಪ್ರಕಟವಾಯಿತು. ಅವನು ಉಪಯೋಗಿಸಿದ ಸಲಕರಣೆ ಕೇಳಿದರೆ ನಗು ಬರುತ್ತದೆ: ಸಮತೂಕದ ಉಣ್ಣೆಯ ಉಂಡೆಗಳು. ಅವುಗಳನ್ನು ರಾತ್ರಿ ಬೇರೆಬೇರೆ ಕಡೆ ಇಟ್ಟು, ಬೆಳಿಗ್ಗೆ ತೂಗಿ, ಎಷ್ಟು ನೀರು ಹೀರಿವೆಯೆಂದು ಲೆಕ್ಕ ಹಾಕುತ್ತಿದ್ದ. ಅವನ ಒಂದು ಪ್ರಯೋಗವಂತೂ ಬಹಳ ಜಾಣತನದ್ದು. ಎರಡೂ ಬಾಯಿ ತೆರೆದ ಮಣ್ಣಿನ ಕೊಳವೆಯನ್ನು ನೆಟ್ಟಗೆ ನಿಲ್ಲಿಸಿ ಅದರ ತಳದಲ್ಲಿ ಉಣ್ಣೆ ಇಟ್ಟ. ಇಬ್ಬನಿ ಮಳೆಯಂತೆ ಬೀಳುವುದಾದರೆ ನೇರವಾಗಿ ಒಳಗೆ ಬೀಳಬೇಕಿತ್ತು, ಅಡ್ಡ ಏನೂ ಇಲ್ಲವಲ್ಲ. ಆದರೆ ಬಯಲಿನಲ್ಲಿಟ್ಟ ಉಣ್ಣೆಗಿಂತ ತೀರ ಕಡಿಮೆ ನೀರು ಅದರಲ್ಲಿತ್ತು.

ಉತ್ತರ ಇರುವುದು ಆಕಾಶದಲ್ಲಿ. ಹಗಲು ಕಾದ ನೆಲ, ಹುಲ್ಲು, ಎಲೆ, ತಟ್ಟೆ ಎಲ್ಲವೂ ರಾತ್ರಿ ತಮ್ಮ ಶಾಖವನ್ನು ಕಣ್ಣಿಗೆ ಕಾಣದ ಕಿರಣಗಳ ರೂಪದಲ್ಲಿ ಆಕಾಶಕ್ಕೆ ಕಳುಹಿಸುತ್ತಿರುತ್ತವೆ. ಮೋಡವಿದ್ದರೆ ಅದು ಸ್ವಲ್ಪ ಶಾಖವನ್ನು ಹಿಂದಕ್ಕೆ ಕೊಡುತ್ತದೆ. ತಿಳಿಯಾದ ಆಕಾಶ ಅಷ್ಟು ಉದಾರಿಯಲ್ಲ. ಆದ್ದರಿಂದ ಹುಲ್ಲಿನ ಎಸಳು ಸುತ್ತಲ ಗಾಳಿಗಿಂತಲೂ ಹೆಚ್ಚು ತಣ್ಣಗಾಗುತ್ತದೆ. ಅದಕ್ಕೆ ತಗುಲಿದ ಗಾಳಿಯ ನೀರಾವಿ ಅಲ್ಲೇ ಹನಿಗಟ್ಟುತ್ತದೆ. ಬಯಲಿನ ಕಂಬಳಿಗೆ ಕಾಣುವುದು ಪೂರ್ತಿ ಆಕಾಶ. ಹೊಂಗೆಮರದ ಕೆಳಗಿನ ಕಂಬಳಿಗೆ ಕಾಣುವುದು ಹೊಂಗೆಯ ಎಲೆ, ಕೊಳವೆಯೊಳಗಿನ ಉಣ್ಣೆಗೆ ಆಕಾಶದ ಒಂದು ಬಿಲ್ಲೆ. ಮರ ಇಬ್ಬನಿಯನ್ನು ತಡೆಯುತ್ತಿಲ್ಲ, ಶಾಖ ಹೊರಟುಹೋಗುವುದನ್ನು ತಡೆಯುತ್ತಿದೆ. ಇನ್ನು ತಟ್ಟೆಯ ಒಳಮೈ? ಅದರ ನೀರು ಕಣದ ಹಸಿ ನೆಲದಿಂದ ಎದ್ದ ಆವಿಯದು. ಇಬ್ಬರು ಹುಡುಗರೂ ನೋಡಿದ್ದು ಸರಿಯಾಗಿಯೇ ಇತ್ತು.

ಮಾರನೆಯ ವಾರ ನಾವೂ ಪ್ರಯೋಗ ಮಾಡಿದೆವು. ಉಣ್ಣೆಯ ಬದಲು ಹತ್ತಿ. ಶಾಲೆಯ ಹಿಂದೆ ಬಿದ್ದಿದ್ದ ಒಂದು ಸಿಮೆಂಟ್ ಕೊಳವೆ, ಪ್ರಯೋಗಾಲಯದ ತಕ್ಕಡಿ. ಒಂದು ಉಂಡೆ ಹುಲ್ಲಿನ ಮೇಲೆ, ಒಂದು ಮರದ ಕೆಳಗೆ, ಒಂದು ಕೊಳವೆಯೊಳಗೆ, ಒಂದು ಕಾಲುದಾರಿಯ ಕಲ್ಲಿನ ಮೇಲೆ. ಬೆಳಿಗ್ಗೆ ಆರಕ್ಕೇ ಹನ್ನೊಂದು ಹುಡುಗರು ಶಾಲೆಯ ಗೇಟಿನಲ್ಲಿದ್ದರು. ತಡವಾಗಿ ಬರುತ್ತಿದ್ದವನು ಎಲ್ಲರಿಗಿಂತ ಮೊದಲು ಬಂದಿದ್ದ. ಹುಲ್ಲಿನ ಮೇಲಿನ ಹತ್ತಿ ಹಿಂಡುವಂತಿತ್ತು, ಕೊಳವೆಯೊಳಗಿನದು ಬಹುಮಟ್ಟಿಗೆ ಒಣಗಿಯೇ ಇತ್ತು. ಕಿವಿಗೆ ಟವೆಲು ಸುತ್ತಿಕೊಂಡು ಬಂದಿದ್ದ ನಾನು ಅದನ್ನು ಬಿಚ್ಚಿದ್ದು ಯಾವಾಗ ಎಂದು ನೆನಪಿಲ್ಲ.

ಇಬ್ಬನಿಯನ್ನು ಬೆಳೆಯಾಗಿ ಕೊಯ್ಯುವವರೂ ಉಂಟು. ಉತ್ತರ ಕರ್ನಾಟಕದ ಎರೆಹೊಲಗಳಲ್ಲಿ ಹಿಂಗಾರಿನ ಜೋಳ, ಕಡಲೆ, ಕುಸುಬೆ ಬೆಳೆಯುವುದು ಮಳೆಗಾಲದಲ್ಲಿ ಮಣ್ಣು ಹಿಡಿದಿಟ್ಟ ತೇವದಿಂದ ಮತ್ತು ಈ ತಂಪಿನಿಂದ. ಕಡಲೆಗಿಡದ ಎಲೆಗಳ ನವಿರು ರೋಮಗಳು ಹುಳಿಯನ್ನು ಒಸರುತ್ತವೆ. ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳು ಅವು. ನಸುಕಿನಲ್ಲಿ ಗಿಡಗಳ ಮೇಲೆ ತೆಳುವಾದ ಬಿಳಿಬಟ್ಟೆ ಆಡಿಸಿ, ಅದು ಹೀರಿದ ಇಬ್ಬನಿಯನ್ನು ಹಿಂಡಿದರೆ ಕಡಲೆಹುಳಿ ಸಿದ್ಧ. ಹಳ್ಳಿಗಳಲ್ಲಿ ಹೊಟ್ಟೆನೋವಿಗೆ ಮನೆಮದ್ದು ಇದು. ಆಮ್ಲ, ಸಾಂದ್ರೀಕರಣ, ಹೀರಿಕೆ - ಮೂರು ಪಾಠ ಒಂದೇ ಪಂಚೆಯಲ್ಲಿ!

ಚಳಿಗಾಲದ ಬೆಳಿಗ್ಗೆ ಕಣ್ಣಿಗಿಂತ ಕಿವಿಗೆ ಹೆಚ್ಚು ಕೆಲಸ. ನಮ್ಮೂರಿನಿಂದ ರೈಲುದಾರಿಗೆ ಮೂರು ಮೈಲಿ. ಬೇಸಿಗೆಯ ಮಧ್ಯಾಹ್ನ ಅಲ್ಲೊಂದು ರೈಲುದಾರಿ ಇದೆಯೆಂಬುದೇ ಮರೆತಿರುತ್ತದೆ. ಆದರೆ ಪುಷ್ಯಮಾಸದ ನಸುಕಿನಲ್ಲಿ ಅರಸೀಕೆರೆ ಕಡೆಗೆ ಹೋಗುವ ಗಾಡಿ ನಮ್ಮ ಹಿತ್ತಿಲಲ್ಲೇ ಹಾದುಹೋದಂತೆ ಕೇಳುತ್ತದೆ. ‘ನಿಶ್ಶಬ್ದ ಇರುತ್ತದಲ್ಲ, ಅದಕ್ಕೆ’ ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. ಹಗಲಿನಲ್ಲಿ ನೆಲದ ಹತ್ತಿರ ಗಾಳಿ ಬಿಸಿ, ಮೇಲೇರಿದಂತೆ ತಂಪು. ಚಳಿಗಾಲದ ರಾತ್ರಿ ಇದು ತಲೆಕೆಳಗಾಗುತ್ತದೆ: ತಣ್ಣಗಾದ ನೆಲ ತನ್ನ ಮೇಲಿನ ಗಾಳಿಯನ್ನು ತಂಪುಮಾಡುತ್ತದೆ, ಅದರ ಮೇಲೆ ಬೆಚ್ಚನೆಯ ಪದರ ಕುಳಿತಿರುತ್ತದೆ. ಬೆಚ್ಚನೆಯ ಗಾಳಿಯಲ್ಲಿ ಶಬ್ದದ ವೇಗ ಹೆಚ್ಚು, ಪ್ರತಿ ಡಿಗ್ರಿಗೆ ಸೆಕೆಂಡಿಗೆ ಸುಮಾರು 0.6 ಮೀಟರ್. ಆದ್ದರಿಂದ ಮೇಲಕ್ಕೆ ಹೊರಟ ಶಬ್ದದ ಅಲೆ ನೆಲದ ಕಡೆಗೆ ಬಾಗಿ ದೂರದವರೆಗೆ ಬರುತ್ತದೆ. ಹಗಲಿನಲ್ಲಿ ಅದು ಮೇಲಕ್ಕೆ ಬಾಗಿ ನಮ್ಮ ತಲೆಯ ಮೇಲೆ ಹಾದುಹೋಗುತ್ತದೆ. ಬೆಳಗಿನ ಒಲೆಯ ಹೊಗೆ ಹಂಚಿನ ಮನೆಗಳ ಮೇಲೆ ಮಗ್ಗದ ಹಾಸಿನಂತೆ ಅಡ್ಡಡ್ಡ ಹರಡಿ ನಿಲ್ಲುವುದೂ ಇದೇ ಕಾರಣಕ್ಕೆ. ಪಟ್ಟಣಗಳಲ್ಲಿ ಆ ಜಾಗದಲ್ಲಿ ವಾಹನಗಳ ಹೊಗೆ ನಿಲ್ಲುತ್ತದೆ, ಅದನ್ನು ಸವಿಯಿರಿ ಎಂದು ನಾನು ಹೇಳಲಾರೆ.

ಈಗ ಒಂದು ಪ್ರಶ್ನೆ. ಚಳಿಗಾಲ ಏಕೆ ಬರುತ್ತದೆ? ‘ಭೂಮಿ ಸೂರ್ಯನಿಂದ ದೂರ ಹೋಗುವುದರಿಂದ’ ಎಂಬ ಉತ್ತರವನ್ನು ನಾನು ಮಕ್ಕಳಿಂದಲೂ ಪದವೀಧರರಿಂದಲೂ ಕೇಳಿದ್ದೇನೆ. ವಾಸ್ತವವಾಗಿ ಭೂಮಿ ಸೂರ್ಯನಿಗೆ ಅತ್ಯಂತ ಹತ್ತಿರ ಬರುವುದು ಜನವರಿಯ ಮೊದಲ ವಾರದಲ್ಲಿ. ಆಗ ದೂರ ಸುಮಾರು 14.7 ಕೋಟಿ ಕಿ.ಮೀ. ಜುಲೈ ಮೊದಲಲ್ಲಿ 15.2 ಕೋಟಿ. ನಾವು ನಡುಗುತ್ತಿರುವಾಗ ಸೂರ್ಯ 50 ಲಕ್ಷ ಕಿ.ಮೀ. ಹತ್ತಿರ ಬಂದಿರುತ್ತಾನೆ! ಕಾರಣ ಭೂಮಿಯ ಅಕ್ಷದ 23.5 ಡಿಗ್ರಿ ಓರೆ. ಇದನ್ನು ಬಾಯಿಪಾಠ ಮಾಡಬೇಡಿ, ಒಂದು ಮೀಟರ್ ಉದ್ದದ ಕೋಲನ್ನು ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿ. ನಮ್ಮ ಕಡೆ ಡಿಸೆಂಬರ್ 21ರ ನಡುಹಗಲಲ್ಲಿ ಅದರ ನೆರಳು ಸುಮಾರು 75 ಸೆಂಟಿಮೀಟರ್ ಬರುತ್ತದೆ. ಏಪ್ರಿಲ್ ಕೊನೆಯ ವಾರದಲ್ಲಿ ಒಂದು ದಿನ ನೆರಳೇ ಇರುವುದಿಲ್ಲ. ಓರೆಯಾಗಿ ಬಿದ್ದ ಬೆಳಕು ಹೆಚ್ಚು ಜಾಗಕ್ಕೆ ಹರಡಿ ತೆಳುವಾಗುತ್ತದೆ. ಹಗಲೂ ಚಿಕ್ಕದು: ಡಿಸೆಂಬರ್ ಕೊನೆಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷದಷ್ಟು, ಜೂನ್‌ಗಿಂತ ಒಂದೂವರೆ ಗಂಟೆ ಕಡಿಮೆ.

‘ನಡುಹಗಲು’ ಎಂದೆ, ಹನ್ನೆರಡು ಗಂಟೆ ಎನ್ನಲಿಲ್ಲ. ತಿಪಟೂರಿನಲ್ಲಿ ಸೂರ್ಯ ನೆತ್ತಿಯ ಸಾಲಿಗೆ ಬರುವುದು ನವೆಂಬರ್ 20ರ ಸುಮಾರಿಗೆ 12 ಗಂಟೆ 10 ನಿಮಿಷಕ್ಕೆ, ಡಿಸೆಂಬರ್ 21ಕ್ಕೆ 12-22ಕ್ಕೆ, ಜನವರಿ ಕೊನೆಗೆ 12-37ಕ್ಕೆ. ದಿನದ ಈ ಜಾರುವಿಕೆಯಿಂದ ಒಂದು ವಿಚಿತ್ರ ನಡೆಯುತ್ತದೆ. ನಮ್ಮಲ್ಲಿ ಸಂಜೆ ಅತ್ಯಂತ ಬೇಗ ಕತ್ತಲಾಗುವುದು ನವೆಂಬರ್ ಉತ್ತರಾರ್ಧದಲ್ಲಿ, ಬೆಳಿಗ್ಗೆ ಅತ್ಯಂತ ತಡವಾಗಿ ಸೂರ್ಯ ಹುಟ್ಟುವುದು ಜನವರಿ ಉತ್ತರಾರ್ಧದಲ್ಲಿ. ‘ಸಂಕ್ರಾಂತಿ ಕಳೆದರೂ ಬೆಳಿಗ್ಗೆ ಕತ್ತಲೆ ಕತ್ತಲೆಯೇ’ ಎಂದು ಹಾಲು ಕರೆಯುವ ಹೆಂಗಸರು ಹೇಳುತ್ತಾರೆ. ಅವರು ಹೇಳುವುದು ಸರಿ.

ಕಂಬಳಿಯ ವಿಷಯಕ್ಕೆ ಬರೋಣ. ಪ್ರತಿ ವರ್ಷ ಹೊಸ ತರಗತಿಗೆ ನಾನು ಕೇಳುತ್ತೇನೆ: ಎರಡು ಐಸ್ ತುಂಡುಗಳಲ್ಲಿ ಒಂದನ್ನು ಕಂಬಳಿಯಲ್ಲಿ ಸುತ್ತಿಟ್ಟರೆ ಯಾವುದು ಬೇಗ ಕರಗುತ್ತದೆ? ಕೈಯೆತ್ತಿ ಎಂದರೆ ಬಹುಮತ ಕಂಬಳಿಯ ಕಡೆಗೇ. ‘ಕಂಬಳಿ ಬೆಚ್ಚಗೆ ಮಾಡುತ್ತದಲ್ಲ ಸಾರ್!’ ಕೊನೆಗೆ ಬಿಚ್ಚಿ ನೋಡಿದಾಗ ಕಂಬಳಿಯೊಳಗಿನ ತುಂಡು ಹಾಗೇ ಇರುತ್ತದೆ. ಕಂಬಳಿ ಶಾಖ ಕೊಡುವುದಿಲ್ಲ, ತನ್ನ ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿಯಿಂದ ಶಾಖದ ಓಡಾಟವನ್ನು ತಡೆಯುತ್ತದೆ. ದಪ್ಪನೆಯ ಒಂದು ಅಂಗಿಗಿಂತ ತೆಳುವಾದ ಎರಡು ಅಂಗಿ ವಾಸಿ ಎನ್ನುವುದೂ ಇದಕ್ಕೇ. ಸೊಸೆ ಹೆಪ್ಪು ಹಾಕಿದ ಹಾಲಿನ ಪಾತ್ರೆಯನ್ನು ಅತ್ತೆ ಟವೆಲಿನಲ್ಲಿ ಸುತ್ತಿ ಅಕ್ಕಿ ಡಬ್ಬದೊಳಗೆ ಇಡುತ್ತಾರಲ್ಲ, ಆ ಉಗುರುಬೆಚ್ಚಗಿನ ಹಾಲು ಬೇಗ ತಣ್ಣಗಾದರೆ ಮೊಸರಿನ ಬ್ಯಾಕ್ಟೀರಿಯಗಳು ಮೈಮುದುಡಿ ಕುಳಿತುಬಿಡುತ್ತವೆ.

ಇನ್ನು ಅವರೆಕಾಯಿ. ಇದರ ಬಗ್ಗೆ ಬರೆಯದೆ ಚಳಿಗಾಲದ ಲೇಖನ ಮುಗಿಸಿದರೆ ನಮ್ಮ ಕಡೆಯವರು ಕ್ಷಮಿಸುವುದಿಲ್ಲ. ನಾಡಅವರೆಯನ್ನು ಮುಂಗಾರಿನಲ್ಲಿ ರಾಗಿಯ ಜತೆ ಅಕ್ಕಡಿಯಾಗಿ ಬಿತ್ತುತ್ತಾರೆ. ರಾಗಿ ತೆನೆಗಟ್ಟಿದರೂ ಅವರೆ ಮಾತ್ರ ಬಳ್ಳಿಯಾಗಿ ಹಬ್ಬುತ್ತಲೇ ಇರುತ್ತದೆ, ಹೂವಿನ ಸುಳಿವಿಲ್ಲ. ಅದು ಕಾಯುತ್ತಿರುವುದು ರಾತ್ರಿ ಉದ್ದವಾಗುವುದನ್ನು. ಗಿಡಗಳು ಹಗಲು ರಾತ್ರಿಗಳ ಉದ್ದವನ್ನು ಅಳೆಯುತ್ತವೆ ಎಂಬುದನ್ನು ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ 1920ರಲ್ಲಿ ತಂಬಾಕು ಗಿಡದ ಮೇಲೆ ತೋರಿಸಿಕೊಟ್ಟರು. ಮುಂದೆ ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದವರು ಹಗಲಿನ ಉದ್ದಕ್ಕೆ ತಲೆಕೆಡಿಸಿಕೊಳ್ಳದ ಹೆಬ್ಬಾಳ ಅವರೆ ತಳಿಗಳನ್ನು ತಂದರು. ಈಗ ವರ್ಷದ ಬಹುಪಾಲು ಅವರೆ ಸಿಗುತ್ತದೆ. ರೈತರಿಗೆ ಒಳ್ಳೆಯದೇ ಆಯಿತು. ಆದರೂ ಜನವರಿಯ ಸೊಗಡಿನ ಕಾಯಿಯನ್ನು ಸುಲಿದು, ನೆನೆಹಾಕಿ, ಮನೆಮಂದಿಯೆಲ್ಲ ಸುತ್ತ ಕುಳಿತು ಹಿದುಕಿ ಮಾಡಿದ ಬೇಳೆಸಾರಿನ ಮುಂದೆ ಜುಲೈನ ಅವರೆಗೆ ನಾನು ಪಾಸ್ ಮಾರ್ಕು ಮಾತ್ರ ಕೊಡುತ್ತೇನೆ.

ತಂದೆತಾಯಿಗಳಿಗೆ ಒಂದು ಮಾತು ಹೇಳಬೇಕು. ‘ಚಳಿಯಲ್ಲಿ ಹೋಗಬೇಡ, ನೆಗಡಿ ಬರುತ್ತದೆ’ ಎಂದು ಮಕ್ಕಳನ್ನು ಒಳಗೆ ಕೂಡಿಹಾಕುವುದು ಸರಿಯೇ? ನೆಗಡಿ ತರುವುದು ವೈರಸ್. ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ 1946ರಲ್ಲಿ ನೆಗಡಿಯ ಅಧ್ಯಯನಕ್ಕೆಂದೇ ಒಂದು ಕೇಂದ್ರ ಆರಂಭವಾಯಿತು. ಅಲ್ಲಿ ಸ್ವಯಂಸೇವಕರಿಗೆ ಬಿಸಿನೀರಿನ ಸ್ನಾನ ಮಾಡಿಸಿ, ಒದ್ದೆಮೈಯಲ್ಲಿ ಗಾಳಿ ಬೀಸುವ ಓಣಿಯಲ್ಲಿ ನಿಲ್ಲಿಸಿ, ಒದ್ದೆ ಕಾಲುಚೀಲ ಹಾಕಿಸಿದರು. ಅವರಿಗೆ ಬೇರೆಯವರಿಗಿಂತ ಹೆಚ್ಚು ನೆಗಡಿಯೇನೂ ಬರಲಿಲ್ಲ. ಹಾಗೆಂದು ಅಜ್ಜಿಯರ ಮಾತು ಪೂರ್ತಿ ಸುಳ್ಳು ಎನ್ನುವಂತೆಯೂ ಇಲ್ಲ. 2005ರಲ್ಲಿ ಪ್ರಕಟವಾದ ಕಾರ್ಡಿಫ್‌ನ ಪ್ರಯೋಗದಲ್ಲಿ 90 ಜನರ ಕಾಲುಗಳನ್ನು ಇಪ್ಪತ್ತು ನಿಮಿಷ ತಣ್ಣೀರಿನಲ್ಲಿ ಇರಿಸಿದಾಗ, ನಾಲ್ಕೈದು ದಿನಗಳೊಳಗೆ 13 ಜನ ನೆಗಡಿಯಾಯಿತೆಂದರು. ಕಾಲು ತೋಯಿಸದ 90 ಜನರಲ್ಲಿ 5 ಜನ ಮಾತ್ರ. ವೈರಸ್ ಮೊದಲೇ ಮೂಗಿನಲ್ಲಿದ್ದರೆ ಚಳಿ ಅದಕ್ಕೆ ನೆರವಾಗಬಹುದು. ಕಿಟಕಿ ಮುಚ್ಚಿ ಹತ್ತು ಜನ ಒಂದೇ ಕೋಣೆಯಲ್ಲಿ ಕೂರುವುದು ಅದಕ್ಕಿಂತ ಹೆಚ್ಚು ನೆರವಾಗುತ್ತದೆ. ಉಬ್ಬಸವಿರುವ ಮಕ್ಕಳ ವಿಷಯ ಬೇರೆ, ಅವರು ವೈದ್ಯರ ಮಾತು ಕೇಳಲಿ. ನಾನೇ ಆ ಪಂಗಡದವನು. ಉಳಿದವರಿಗೆ ಒಂದು ಸ್ವೆಟರ್ ಹಾಕಿ ಹೊರಗೆ ಕಳುಹಿಸಿ.

ಇನ್ನೊಂದು ಎಚ್ಚರಿಕೆ, ಇದರಲ್ಲಿ ತಮಾಷೆಯಿಲ್ಲ. ಚಳಿಗೆಂದು ಬಾಗಿಲು ಕಿಟಕಿ ಮುಚ್ಚಿದ ಕೋಣೆಯೊಳಗೆ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಮಲಗಬೇಡಿ. ಅರೆಬರೆ ಉರಿದ ಇದ್ದಿಲು ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. ಇಂಥ ಸುದ್ದಿಯನ್ನು ನೀವೂ ಪತ್ರಿಕೆಗಳಲ್ಲಿ ಓದಿರುತ್ತೀರಿ. ಚಳಿ ಚೆಂದ ಎನ್ನುವುದು ಹೊದಿಕೆ ಇದ್ದವರ ಮಾತು ಎಂಬುದೂ ನನಗೆ ಗೊತ್ತು. ಆ ಕಣ ಕಾಯುವ ಹುಡುಗನಿಗೂ ಅವನ ಅಪ್ಪನಿಗೂ ಇದ್ದದ್ದು ಒಂದೇ ಕಂಬಳಿ. ಅದು ನನಗೆ ತಿಳಿದದ್ದು ಇಬ್ಬನಿ ಪ್ರಯೋಗದ ಎಷ್ಟೋ ದಿನಗಳ ನಂತರ.

ನಮಗೆ ಚಳಿಯೆನಿಸುವುದು ಇನ್ನೊಬ್ಬರಿಗೆ ಬೆಚ್ಚಗಿರಬಹುದು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, ಟಿಬೆಟ್, ಮಂಗೋಲಿಯಗಳ ಕಡೆಯಿಂದ, ಹಿಮಾಲಯವನ್ನು ದಾಟಿ. ಈ ಜಾತಿಯ ಹಕ್ಕಿಗಳು 7 ಸಾವಿರ ಮೀಟರಿಗೂ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅಲ್ಲಿನ ತೆಳುಗಾಳಿಯಲ್ಲೂ ಆಮ್ಲಜನಕವನ್ನು ಹಿಡಿಯಬಲ್ಲ ರಕ್ತ ಅವಕ್ಕಿದೆ. 2024ರಲ್ಲಿ ಈ ಕೆರೆ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಒಮ್ಮೆ ಮಕ್ಕಳನ್ನು ಅಲ್ಲಿಗೆ ಪ್ರವಾಸ ಕರೆದೊಯ್ದಿದ್ದೆ. ಮಫ್ಲರ್ ಸುತ್ತಿಕೊಂಡು ನಡುಗುತ್ತಾ ದಡದಲ್ಲಿ ನಿಂತವರು ನಾವು, ನೀರಿನಲ್ಲಿ ಆರಾಮವಾಗಿ ತೇಲುತ್ತಿದ್ದವರು ಅವು.

ಕಳೆದ ಡಿಸೆಂಬರ್‌ನಲ್ಲಿ ಶಾಲೆಯ ಮೈದಾನದಲ್ಲಿ ನಕ್ಷತ್ರ ನೋಡುವ ಕಾರ್ಯಕ್ರಮ ಇಟ್ಟುಕೊಂಡಿದ್ದೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಒಬ್ಬ ತಂದೆ ಒಪ್ಪಲಿಲ್ಲ. ‘ಎಂಟನೇ ಕ್ಲಾಸಿನ ಮಗು ಸಾ, ರಾತ್ರಿ ಚಳಿ, ನೆಗಡಿಯಾದ್ರೆ ಪರೀಕ್ಷೆಗೆ ತೊಂದರೆ’ ಎಂದ. ಮುಖ ನೋಡಿದೆ. ಅದೇ ಹುಡುಗ. ಈಗ ನಲವತ್ತು ದಾಟಿದ್ದಾನೆ. ಟ್ರಾಕ್ಟರ್ ಇದೆ, ತೋಟ ಇದೆ. ಮಗಳು ಸ್ವೆಟರ್, ಟೋಪಿ, ಕೈಚೀಲ ಹಾಕಿಕೊಂಡು ವ್ಯಾನಿನಲ್ಲಿ ಬರುತ್ತಾಳೆ. ‘ನೀನು ಅವಳ ವಯಸ್ಸಿನಲ್ಲಿ ಎಲ್ಲಿ ಮಲಗುತ್ತಿದ್ದೆಯಪ್ಪಾ?’ ಎಂದೆ. ‘ಅದಕ್ಕೇ ಸಾ ಬೇಡ ಅಂತಿರೋದು’ ಎಂದ. ನನಗೆ ಮಾತು ಹೊರಡಲಿಲ್ಲ. ಕೊನೆಗೆ ‘ನೀನೂ ಬಾ’ ಎಂದೆ.

ಬಂದ. ಹೆಗಲ ಮೇಲೆ ಕಂಬಳಿ. ಎಂಟು ಗಂಟೆಗೆ ಪೂರ್ವದಲ್ಲಿ ಮಹಾವ್ಯಾಧ ಎದ್ದಿದ್ದ. ಅವನ ಒಂದು ಹೆಗಲಲ್ಲಿ ಕೆಂಪಗೆ ಆರ್ದ್ರಾ, ಕಾಲಿನಲ್ಲಿ ನೀಲಿಬಿಳುಪಿನ ರಿಗೆಲ್. ಕೆಂಪಗಿರುವುದು ತಣ್ಣಗಿನ ನಕ್ಷತ್ರ, ಮೂರೂವರೆ ಸಾವಿರ ಕೆಲ್ವಿನ್‌ನಷ್ಟು. ನೀಲಿಯದು ಹನ್ನೆರಡು ಸಾವಿರ. ಕುಲುಮೆಯಲ್ಲಿ ಕಬ್ಬಿಣ ಕಾದಂತೆ ಮೊದಲು ಕೆಂಪು, ಆಮೇಲೆ ಬಿಳುಪು ಎಂದು ಮಕ್ಕಳಿಗೆ ಹೇಳಿದೆ. ಹತ್ತೂವರೆಗೆ ದಕ್ಷಿಣದಲ್ಲಿ ತೆಂಗಿನಮರಗಳ ಮೇಲೆ ಅಗಸ್ತ್ಯ ಕಾಣಿಸಿತು. ಲಂಡನ್ನಿನಲ್ಲಿದ್ದ ವೆಲ್ಸ್‌ಗೆ ತನ್ನ ಊರಿನಿಂದ ಎಂದೂ ಕಾಣಲಾರದಿದ್ದ ನಕ್ಷತ್ರ ಅದು. ಅಪ್ಪ ಮಗಳಿಬ್ಬರೂ ಕಂಬಳಿ ಹಾಸಿಕೊಂಡು ಅಂಗಾತ ಮಲಗಿ ಕೃತ್ತಿಕೆಯ ಚುಕ್ಕಿ ಎಣಿಸುತ್ತಿದ್ದರು. ಅವನಿಗೆ ಆರು, ಅವಳಿಗೆ ಏಳು.

ಹೊರಡುವಾಗ ಅವನು ಕಂಬಳಿಯ ಅಂಚಿನ ಮೇಲೆ ಕೈಯಾಡಿಸಿ, ‘ಆಗಲೇ ಇಬ್ಬನಿ ಬಿದ್ದುಬಿಟ್ಟಿದೆ ಸಾ’ ಎಂದ.

‘ಬೀಳಲ್ಲ ಅಪ್ಪಾ’ ಎಂದಳು ಮಗಳು, ಕಂಬಳಿ ಮಡಚುತ್ತಾ.